ಕುರಿಯ ಗಂಟಲು ಬಲ್ಲ ಮಾರಣ್ಣ

ಶ್ರೀರಾಂಪುರದ ಸುತ್ತ ಯಾರ ಕುರಿಗೆ ಗಂಟಲು ಊದಿದರೂ ಮಾರಣ್ಣನಿಗೆ ಕರೆ ಹೋಗುತ್ತಿತ್ತು. ದವಡೆಯ ಕೆಳಗೆ ಎರಡು ಬೆರಳು ಒತ್ತಿ, ಒಳಗಿರುವುದು ನೀರೋ ಕೀವೋ ಹೇಳಿಬಿಡುತ್ತಿದ್ದ. ಅಂಥವನ ಕತ್ತಿನಲ್ಲೇ ಹುಣಸೆಬೀಜದಷ್ಟು ಗಡ್ಡೆ ಬಂದು, ದನಿ ಒಡೆದು ಆರು ತಿಂಗಳಾದರೂ ಆ ಬೆರಳುಗಳು ಬೀಡಿ ಬಿಟ್ಟು ತನ್ನ ಕತ್ತಿನ ಕಡೆ ಹೋಗಲಿಲ್ಲ. ಕೊನೆಗೆ ಕುರಿಗೆ ತಂದಿದ್ದ ಜಂತುಹುಳದ ಔಷಧಿಯನ್ನೇ, ತನ್ನ ತೂಕ ಅಂದಾಜು ಮಾಡಿ, ಎರಡು ಟಗರಿನ ಅಳತೆಯಲ್ಲಿ ಕುಡಿದ. ಮೂರು ದಿನ ಹೊಟ್ಟೆ ಕೆಟ್ಟಿತು. ಗಡ್ಡೆ ಅಲ್ಲಾಡಲಿಲ್ಲ.

ಹೆಂಡತಿ ಏಕನಾಥಮ್ಮ ಬೈದು ಬಸ್ಸು ಹತ್ತಿಸಿದಳು. ಚಿತ್ರದುರ್ಗದ ವೈದ್ಯೆ ಗಂಟಲಿಗೆ ನಳಿಕೆ ಇಳಿಸಿ ನೋಡಿ, ಚೂರು ಮಾಂಸ ಪರೀಕ್ಷೆಗೆ ಕಳಿಸಿದರು. ವಾರದ ನಂತರ ಕ್ಯಾನ್ಸರ್ ಎಂದರು.

"ವಾಸಿಯಾಗೋ ಹಂತದಲ್ಲೇ ಇದೆ. ಏನಾದರೂ ಔಷಧಿ ತಗೊಂಡಿದ್ರಾ?"

ಮಾರಣ್ಣ ಹೇಳಿದ. ವೈದ್ಯೆ ಬರೆಯುವುದನ್ನು ನಿಲ್ಲಿಸಿದರು.

"ಹೊಟ್ಟೇಲಿ ಹುಳ ಒಂದೂ ಇಲ್ಲ ಬಿಡ್ರಿ ಮೇಡಂ," ಎಂದ. ಆಮೇಲೆ ತನ್ನ ಚಿಂತೆಯನ್ನು ಕೇಳಿದ: "ಕೂಗೋಕಾಗ್ತೈತೇನ್ರಿ? ನಾನು ಕೂಗದಿದ್ರೆ ಕುರಿ ತಿರುಗಲ್ಲ."

"ದನಿ ಎಷ್ಟು ಉಳಿಯುತ್ತೆ ಅನ್ನೋದು ಚಿಕಿತ್ಸೆ ಮುಗಿದ ಮೇಲೇ ಗೊತ್ತಾಗೋದು."

ದಾವಣಗೆರೆಯ ಆಸ್ಪತ್ರೆಯಲ್ಲಿ ಏಳು ವಾರ ಗಂಟಲಿಗೆ ವಿಕಿರಣ ಚಿಕಿತ್ಸೆ ಕೊಟ್ಟರು. ಜೊತೆಗೆ ಮಗಳು ಸುಮಾ ಇದ್ದಳು. ಹಿಂಡು ಏಕನಾಥಮ್ಮನ ಪಾಲಿಗೆ ಬಿತ್ತು. ಜಾಲರಿಯಂಥ ಮುಖವಾಡ ಹಾಕಿ, ಮೇಜಿಗೆ ಬಿಗಿದು, ಅದರ ಮೇಲೆ ಗುರುತು ಬರೆದಾಗ, ಸಂತೆಗೆ ಹೊರಟ ಟಗರಿಗೂ ಇಷ್ಟೇ ಮರ್ಯಾದೆ ಎಂದುಕೊಂಡ. ನಾಲ್ಕನೇ ವಾರ ಉಗುಳು ನುಂಗಿದರೂ ಬೆಂಕಿ. ಮೂಗಿಗೆ ಕೊಳವೆ ಇಳಿಸಿ ಗಂಜಿ ಬಿಟ್ಟರು. ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಕಾಲು ಝಾಡಿಸುವ ಕುರಿಗಳನ್ನು ಬೈಯುತ್ತಿದ್ದವನಿಗೆ, ಕುರಿಗಳ ವಾದವೇ ಸರಿ ಅನ್ನಿಸಿತು.

ಚಿಕಿತ್ಸೆ ಮುಗಿದ ನಾಲ್ಕು ತಿಂಗಳ ನಂತರ ಪರೀಕ್ಷೆ ಮಾಡಿ, ರೋಗ ಕಾಣುತ್ತಿಲ್ಲ ಎಂದರು. ದನಿ ಬಂದಿತ್ತು, ಹರಿದ ಗೋಣಿ ಎಳೆದ ಹಾಗೆ. ಅದನ್ನೇ ಹೊತ್ತು ಬಯಲಿಗೆ ಹೋಗಿ ಕೂಗಿದ. ಎರಡು ಕುರಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಏಕನಾಥಮ್ಮ ಒಂದೇ ಸಲ ಕೂಗಿದಳು. ಹಿಂಡೆಲ್ಲ ತಿರುಗಿತು.

"ನನ್ನ ಕುರಿ ಕಣೇ ಅವು."

"ನಿಮ್ಮವೇ. ಹೇಳ್ರಿ ಅವಕ್ಕೆ."

ಮೂರು ದಿನ ಹೇಳಿದ. ಕೇಳಲಿಲ್ಲ. ನಾಲ್ಕನೇ ದಿನ ಹಟ್ಟಿಯ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ.

"ನೀನು ಮುಂದೆ ನಡಿ. ಹಿಂದೆ ಉಳಿಯೋ ಕುಂಟು, ಮುದಿ ನಾನು ನೋಡ್ಕಂತೀನಿ. ಅವು ನನ್ನ ಮಾತು ಕೇಳ್ತಾವೆ, ಓಡೋಕಾಗಲ್ಲ ಅವಕ್ಕೆ."

ಏಕನಾಥಮ್ಮ ಕೂಗಿದಳು. ಕುರಿಗಳು ಹೊರಟವು. ಮಾರಣ್ಣನೂ ಹೊರಟ.