ನೀರು ಬೇಡದ ಹೂವಿನ ಮಾಲಿ

ನಮ್ಮ ಶಹಾಪುರದ ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡುವವರು ಒಬ್ಬರೇ, ಮಾಲಿ ಗೊಲ್ಲಾಳಮ್ಮ. ಅಲ್ಲಿಯ ಗುಮಾಸ್ತನಾದ ನಾನೇ ಹೇಳುತ್ತಿರುವುದರಿಂದ ನೀವು ನಂಬಬೇಕು. ದಿನವೂ ಕೊಂಕಲ್‌ನಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಆಗುವ ಆಸೆ ಬಿಟ್ಟಿದ್ದಾಳೆ, ಇದ್ದದ್ದು ಉಳಿದರೆ ಸಾಕು ಎನ್ನುತ್ತಾಳೆ.

ಕಚೇರಿಯ ಅಂಗಳ ಬರೀ ಗರಸು, ಕಲ್ಲುಹರಳಿನ ಮಣ್ಣು. ಸಾಹೇಬರಿಗೆ ಅಲ್ಲಿ ಹುಲ್ಲುಹಾಸೇ ಬೇಕು. ಕಾಲುವೆ ನೀರಿನ ಗದ್ದೆ ನೋಡುತ್ತ ಬೆಳೆದ ನಮಗೆ, ಹಸಿರು ಎಂದರೆ ಪಾದ ಮುಳುಗುವಷ್ಟು ನೀರು ನಿಲ್ಲಿಸುವುದು. ಟ್ಯಾಂಕರುಗಟ್ಟಲೆ ನೀರು ಕುಡಿದೂ ಹುಲ್ಲು ಪ್ರತಿ ಬೇಸಿಗೆಯಲ್ಲಿ ತಪ್ಪದೆ ಸಾಯುತ್ತಿತ್ತು.

ಕಳೆದ ವರ್ಷ ಗೊಲ್ಲಾಳಮ್ಮ ತನ್ನ ಮನೆಯಿಂದ, ಬೆಳಿಗ್ಗೆ ಹತ್ತಕ್ಕೆ ಅರಳುವ ‘ಹತ್ತು ಗಂಟೆ ಹೂವಿನ’ ಗಿಡದ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಗರಸಿನಲ್ಲಿ ಚುಚ್ಚಿದಳು.

"ಇದಕ್ಕ ನೀರ ಹೆಚ್ಚಾದ್ರನ ಸಾಯ್ತದ್ರಿ. ಬಿಸಲ ಇದ್ರ ಸಾಕು," ಎಂದಳು.

ಬಿಸಿಲಿಗೇನು ನಮ್ಮಲ್ಲಿ ಬರವೇ? ಏಪ್ರಿಲ್ ಹೊತ್ತಿಗೆ ಗಿಡ ನೆಲವಿಡೀ ಹಬ್ಬಿ, ದಿನವೂ ಹತ್ತಕ್ಕೆ, ಅಂದರೆ ನಮಗಿಂತ ಮೊದಲೇ, ಕೆಂಪು ಹಳದಿ ಹೂವು ಹಾಜರಿರುತ್ತಿದ್ದವು. ಸಾಹೇಬರು ಅದರ ಮುಂದೆ ನಿಂತು ಫೋಟೊ ತೆಗೆಸಿ ಇಲಾಖೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮೆಚ್ಚುಗೆಯೆಲ್ಲ ಅವರಿಗೇ ಬಂತು.

ಯಾದಗಿರಿಯಿಂದ ತಪಾಸಣೆಗೆ ಬಂದ ಹಿರಿಯ ಅಧಿಕಾರಿಗೆ ಮಾತ್ರ ಬೇರೆಯೇ ಯೋಚನೆ ಹೊಳೆಯಿತು.

"ನೀರ ಬ್ಯಾಡದ ಗಿಡಕ್ಕ ಮಾಲಿ ಯಾಕ್ರಿ?"

ಸಾಹೇಬರಿಗೂ ಹೌದಲ್ಲ ಎನಿಸಿತು. ಮುಂದಿನ ತಿಂಗಳಿನಿಂದ ಮಾಲಿ ಅನಗತ್ಯ ಎಂಬ ಟಿಪ್ಪಣಿ ಬರೆದವನು ನಾನೇ. ಅಕ್ಷರ ದುಂಡಗೆ ಬಂದವು, ನಾಚಿಕೆ ಆಮೇಲೆ ಬಂತು.

ಸುದ್ದಿಯನ್ನು ಗೊಲ್ಲಾಳಮ್ಮನಿಗೆ ತಿಳಿಸಿದವನೂ ನಾನೇ. ಮರುದಿನ ನಾವು ಬರುವಷ್ಟರಲ್ಲಿ ಗಿಡವನ್ನೆಲ್ಲ ಬುಡಸಮೇತ ಕಿತ್ತು ಚೀಲಕ್ಕೆ ತುಂಬಿದ್ದಳು. ಸಾಹೇಬರು ಜೀಪಿನಿಂದ ಇಳಿಯುತ್ತಲೇ ಕೂಗಿದರು.

"ಏ, ಏನ ಮಾಡಾಕತ್ತೀ?"

"ನೀರ ಬ್ಯಾಡದ ಗಿಡಕ್ಕ ಮಾಲಿ ಬ್ಯಾಡ ಅಂದ್ರಿ. ಈಗ ಗಿಡಾನ ಇಲ್ಲ ನೋಡ್ರಿ ಸಾಹೇಬ್ರ. ಇಷ್ಟ ದೊಡ್ಡ ಕಚೇರಿ ಮುಂದ ಬೋಳ ನೆಲ ಇಟ್ಟಗೊಂಡು, ಮಾಲಿ ಇಲ್ಲಂದ್ರ ನಡೀತದೇನ್ರಿ?"

ಸಾಹೇಬರು ಅಂಗಳ ನೋಡಿದರು, ಮೊಬೈಲಿನಲ್ಲಿದ್ದ ಹೂವಿನ ಮುಂದಿನ ತಮ್ಮ ಫೋಟೊ ನೋಡಿದರು. ಮಧ್ಯಾಹ್ನದೊಳಗೆ ನನ್ನಿಂದ ಇನ್ನೊಂದು ಟಿಪ್ಪಣಿ ಬರೆಸಿದರು. ಉದ್ಯಾನದ ಸ್ಥಿತಿ ಚಿಂತಾಜನಕ, ಮಾಲಿಯ ಸೇವೆ ಅತ್ಯಗತ್ಯ.

ಈಗ ಗೊಲ್ಲಾಳಮ್ಮ ಬೋಳು ಗರಸಿಗೆ ದಿನಕ್ಕೆರಡು ಹೊತ್ತು ನೀರು ಹಾಕುತ್ತಾಳೆ. ಯಾಕೆಂದು ಯಾರೂ ಕೇಳಿಲ್ಲ.