ಲಾಂಚಿನ ಗೈರುಹಾಜರಿ

ನಮ್ಮ ಗಣಿತದ ಮೇಷ್ಟ್ರ ಬಲಗಿವಿಯ ಹಿಂದೆ ಪೆನ್ಸಿಲಿನ ಕಪ್ಪು ಗೆರೆಯೊಂದು ಯಾವಾಗಲೂ ಇರುತ್ತಿತ್ತು. ಬೆರಳುದ್ದದ ತುಂಡು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವಾಗ ಮೊನೆ ತಾಗಿ ತಾಗಿ ಆದ ಗೆರೆ ಅದು. ಭಾನುವಾರ ಸಂಜೆ ಮನೆಯಿಂದ ವಾಪಸಾಗುವಾಗ ಸಾಗರದ ಪೇಟೆಯಲ್ಲಿ ಸಿಕ್ಕರೂ ಗೆರೆ ಇರುತ್ತಿತ್ತು. ಸ್ನಾನಕ್ಕೂ ಹೋಗದಷ್ಟು ಹಳೆಯದಾಗಿತ್ತೋ, ಮನೆಯಲ್ಲೂ ಪೆನ್ಸಿಲ್ ಸಿಕ್ಕಿಸಿಕೊಂಡೇ ತಿರುಗುತ್ತಿದ್ದರೋ, ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಜೇಬಿನಲ್ಲಿ ನೀಲಿ ಪೆನ್ನು, ಕೆಂಪು ಪೆನ್ನು ಎರಡೂ ಇರುತ್ತಿದ್ದವು. ಆದರೂ ಹಾಜರಿ ಪುಸ್ತಕ ತೆರೆದ ಕೂಡಲೇ ಕೈ ಮೊದಲು ಕಿವಿಗೆ ಹೋಗುತ್ತಿತ್ತು.

ಆ ಪೆನ್ಸಿಲ್ ಇದ್ದದ್ದು ನಮಗಾಗಿ, ಅಂದರೆ ಲಾಂಚಿನ ಮಕ್ಕಳಿಗಾಗಿ. ನಮ್ಮೂರು ಶರಾವತಿ ಹಿನ್ನೀರಿನ ಆಚೆ, ಬ್ಯಾಕೋಡಿನ ಕಡೆ. ನೀರು ದಾಟಲು ಲಾಂಚು ಎಂಬ ಮೋಟಾರು ದೋಣಿಯೊಂದೇ ಗತಿ. ಆಚೆ ಹೈಸ್ಕೂಲು ಇರಲಿಲ್ಲವೆಂದಲ್ಲ. ಈಚೆ ದಡದ ಶಾಲೆಯಲ್ಲಿ ಹತ್ತನೇ ತರಗತಿಗೆ ವರ್ಷವೂ ಶೇಕಡಾ ನೂರು ಫಲಿತಾಂಶ ಎಂದು ನಮ್ಮಪ್ಪ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಓದಿಕೊಂಡು ಬಂದಿದ್ದರು. ಆ ನೂರು ಹೇಗೆ ಬರುತ್ತದೆಂದು ಫ್ಲೆಕ್ಸಿನಲ್ಲಿ ಬರೆದಿರುವುದಿಲ್ಲವಲ್ಲ. ನಾವು ಹನ್ನೊಂದು ಮಕ್ಕಳು ಬೆಳಿಗ್ಗೆ ಲಾಂಚು ಹತ್ತಿ, ಈಚೆ ಇಳಿದು, ಬಸ್ಸು ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪಿರಿಯಡ್ ಅರ್ಧ ಮುಗಿದಿರುತ್ತಿತ್ತು. ಆಚೆಯ ದೇವಸ್ಥಾನಕ್ಕೆ ಹೋಗಿ ಬರುವವರ ಕಾರು, ಟೆಂಪೋಗಳನ್ನು ಹತ್ತಿಸಿ ಇಳಿಸುವುದರಲ್ಲೇ ಲಾಂಚಿನವರಿಗೆ ಹೊತ್ತು ಸಾಲುತ್ತಿರಲಿಲ್ಲ.

ಮೊದಲ ಪಿರಿಯಡ್ ಗಣಿತ. ಮೇಷ್ಟ್ರೇ ನಮ್ಮ ಕ್ಲಾಸ್ ಟೀಚರ್. ಹಾಜರಿ ಕರೆಯುವಾಗ ನಮ್ಮ ಹೆಸರು ಬಂದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದರಂತೆ. ನಾವು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರೆ ಬೋರ್ಡಿನಿಂದ ತಿರುಗದೆಯೇ, "ಬಂದ್ರಾ? ಕೂತ್ಕಳಿ. ಬೆವರು ಆಮೇಲೆ ಒರೆಸ್ಕಳಿ, ಮೊದ್ಲು ಲೆಕ್ಕ ಬರ್ಕಳಿ" ಎನ್ನುತ್ತಿದ್ದರು. ಪಿರಿಯಡ್ ಮುಗಿಯುವ ಹೊತ್ತಿಗೆ ಚುಕ್ಕಿಗಳ ಮೇಲೆ ನೀಲಿ ಶಾಯಿಯ ಗೆರೆ ಬೀಳುತ್ತಿತ್ತು.

ಲಾಂಚು ಕೆಟ್ಟು ನಿಂತ ದಿನ ಚುಕ್ಕಿಗಳು ಹಾಗೇ ಉಳಿಯುತ್ತಿದ್ದವು. ಮಾರನೆಯ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು.

"ದಡದ ತನಕ ಬಂದಿದ್ಯಾ?"

"ಬಂದಿದ್ದೆ ಸರ್."

"ಎಷ್ಟೊತ್ತು ನಿಂತಿದ್ದೆ?"

"ಹನ್ನೊಂದರ ತನಕ ಸರ್."

"ಹಂಗಾರೆ ನೀನು ಬಂದಿದ್ದೀಯ ಮಾರಾಯ್ತಿ. ಬರದೇ ಇದ್ದದ್ದು ಲಾಂಚು."

ಶಾಯಿ ಬೀಳುತ್ತಿತ್ತು. ಮನೆಯಲ್ಲೇ ಮಲಗಿದ್ದವರು "ಇಲ್ಲ ಸರ್, ದಡಕ್ಕೆ ಬಂದಿರಲಿಲ್ಲ" ಎಂದೇ ಒಪ್ಪಿಕೊಳ್ಳುತ್ತಿದ್ದರು. ಅಷ್ಟು ನಂಬುವವರಿಗೆ ಸುಳ್ಳು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರಿನ ಕೆಳಗೆ ಅವರು ಪೆನ್ಸಿಲಿನಲ್ಲೇ ನಲವತ್ತಮೂರನೆಯ ಹೆಸರು ಬರೆದಿದ್ದರು: 'ಲಾಂಚು'. ತಿಂಗಳ ಕೊನೆಗೆ ಗಂಭೀರವಾಗಿ ಅದನ್ನೂ ಓದುತ್ತಿದ್ದರು. "ಲಾಂಚಿಗೆ ಈ ತಿಂಗಳು ನಾಲ್ಕು ದಿನ ಗೈರುಹಾಜರಿ. ಇದರ ಅಪ್ಪನ್ನ ಕರೆಸ್ಬೇಕು." ನಾವೆಲ್ಲ ನಗುತ್ತಿದ್ದೆವು. ಅವರು ಮಾತ್ರ ನಗುತ್ತಿರಲಿಲ್ಲ.

ಅವರು ತೀರ್ಥಹಳ್ಳಿಯ ಕಡೆಯವರು. ವಾರವೆಲ್ಲ ಶಾಲೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗುತ್ತಿದ್ದರು. ಬೈಯುವುದರಲ್ಲಿ ಕಡಿಮೆಯವರಲ್ಲ. ಸಿಟ್ಟು ಬಂದರೆ ಕೈಯಲ್ಲಿದ್ದ ಚಾಕ್‌ಪೀಸನ್ನು ಪುಡಿ ಮಾಡುತ್ತಿದ್ದರು, ಕೈ ಮಾತ್ರ ಎತ್ತಿದವರಲ್ಲ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಎಂಟನೇ ತರಗತಿಯ ಒಂದು ವರ್ಷ ಪೂರ್ತಿ ದಿನಕ್ಕೊಂದು ಪುಟ ಬರೆಸಿ ತಿದ್ದಿದರು. ರೇಖಾಗಣಿತ ಮಾಡಿಸುವಾಗ ಅವರದ್ದೊಂದೇ ಮಾತು: "ಕಂಡದ್ದಷ್ಟೇ ಬರಿ. ನಿಂಗೆ ಹಂಗನ್ನಿಸ್ತು ಅಂತ ಬರೀಬೇಡ."

ವಾರ್ಷಿಕೋತ್ಸವದಲ್ಲಿ ಬಹುಮಾನದ ಮೇಜು ಅವರ ಪಾಲಿನದು. ಪ್ರತಿ ಬಹುಮಾನಕ್ಕೂ ಹೆಸರಿನ ಚೀಟಿ ಅಂಟಿಸಿ, ಕರೆಯುವ ಕ್ರಮದಲ್ಲೇ ಜೋಡಿಸಿಟ್ಟು, ಅತಿಥಿಗಳ ಹಿಂದೆ ನಿಂತು ಒಂದೊಂದಾಗಿ ಅವರ ಕೈಗೆ ದಾಟಿಸುತ್ತಿದ್ದರು. ಆ ಶಾಲೆಯ ಅಷ್ಟು ವರ್ಷಗಳ ಫೋಟೋ ತೆಗೆದು ನೋಡಿ. ಅತಿಥಿ ಇದ್ದಾರೆ, ಶಾಲು ಇದೆ, ಹಣ್ಣಿನ ಬುಟ್ಟಿ ಇದೆ, ಹಲ್ಲು ಬಿಡುವ ಮಕ್ಕಳಿದ್ದಾರೆ. ಮೇಷ್ಟ್ರದ್ದು ಅಂಚಿನಲ್ಲೊಂದು ಕೈ ಮಾತ್ರ ಬಂದಿರುತ್ತದೆ.

ಈಗ ಪವಿತ್ರಾಳ ವಿಷಯ ಹೇಳಬೇಕು. ಲಾಂಚಿನಲ್ಲೂ ಬೆಂಚಿನಲ್ಲೂ ನನ್ನ ಪಕ್ಕದವಳು. ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಕಪ್ ಗೆದ್ದು ತಂದಾಗ ಹೆಡ್ ಮೇಷ್ಟ್ರು ಅವಳನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ "ಇವಳು ನಮ್ಮ ಶಾಲೆಯ ಆಸ್ತಿ" ಎಂದಿದ್ದರು. ಆದರೆ ಗಣಿತದಲ್ಲಿ ಆಸ್ತಿಗೆ ಇಪ್ಪತ್ತು ದಾಟುತ್ತಿರಲಿಲ್ಲ. ಸಂಜೆ ನಿಂತರೆ ಕೊನೆಯ ಲಾಂಚು ತಪ್ಪುತ್ತದೆಂದು ಮೇಷ್ಟ್ರು ತಮ್ಮ ಊಟದ ಹೊತ್ತಿನಲ್ಲೇ ಅವಳಿಗೆ ಪಾಠ ಹೇಳುತ್ತಿದ್ದರು. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪೆನ್ಸಿಲ್.

ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ತರಗತಿಗೆ ಮೊದಲು ಬಂದೆ, ಮೂವರು ಫೇಲಾದರು. ಮೂವರೂ ಲಾಂಚಿನವರು, ಅವರಲ್ಲಿ ಪವಿತ್ರಾ ಒಬ್ಬಳು. ಆಶ್ಚರ್ಯವೇನಿರಲಿಲ್ಲ, ದಿನವೂ ಅರ್ಧ ಗಣಿತ ನೀರಿನ ಮೇಲೇ ಕಳೆಯುತ್ತಿತ್ತು. ಆ ವರ್ಷದ ವಾರ್ಷಿಕೋತ್ಸವಕ್ಕೆ ಶಾಸಕರು ಬರುವವರಿದ್ದರು. ಆಡಳಿತ ಮಂಡಳಿಯವರಿಗೆ ಶೇಕಡಾ ನೂರು ಮುರಿಯುವುದು ಬೇಕಿರಲಿಲ್ಲ. ಕಡಿಮೆ ಅಂಕದ ಮಕ್ಕಳಿಗೆ ಹಾಜರಿ ಕೊರತೆ ತೋರಿಸಿ ಹಾಲ್‌ಟಿಕೆಟ್ ತಡೆದರೆ ಪರೀಕ್ಷೆಗೆ ಕೂರುವವರೆಲ್ಲ ಪಾಸು. ಫ್ಲೆಕ್ಸಿನ ನೂರು ಬರುತ್ತಿದ್ದುದು ಹೀಗೆ. ಮೂವರ ಹಾಜರಿ ಕಡಿಮೆ ತೋರಿಸಿ ಎಂದು ಹೆಡ್ ಮೇಷ್ಟ್ರು ಕೇಳಿದಾಗ ನಮ್ಮ ಮೇಷ್ಟ್ರು ಹೇಳಿದ ಉತ್ತರ ಆಫೀಸಿನ ಹೊರಗಿದ್ದ ನಮಗೆಲ್ಲ ಕೇಳಿಸಿತು.

"ಇವ್ರೆಲ್ಲ ಬಂದ ಮಕ್ಳು. ಬಂದವ್ರನ್ನ ಬಂದಿಲ್ಲ ಅಂತ ನಾ ಬರೆಯಲ್ಲ. ಫೇಲಾದ್ರೆ ಆಗ್ಲಿ. ಫೇಲಾಗಕ್ಕೂ ಪರೀಕ್ಷೆಗೆ ಕೂರಬೇಕಲ್ಲ, ಅದು ಅವ್ರ ಹಕ್ಕು."

ಎರಡು ದಿನ ಬಿಟ್ಟು ಹೆಡ್ ಮೇಷ್ಟ್ರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನಮ್ಮ ಹಾಜರಿ ಪುಸ್ತಕ ತೆರೆದಿತ್ತು. ಕುರ್ಚಿ ತೋರಿಸಿ "ಕೂತ್ಕೋಮ್ಮ" ಎಂದರು. ಆ ಕೋಣೆಯಲ್ಲಿ ನಾನು ಅಲ್ಲಿಯವರೆಗೆ ಕೂತದ್ದೇ ಇಲ್ಲ.

"ನಿಮ್ಮ ಸರ್ ಲಾಂಚಿನ ಮಕ್ಕಳಿಗೆ ಹಾಜರಿ ಹೇಗೆ ಹಾಕ್ತಾರೆ, ಬರ್ದು ಕೊಡು. ದೂರು ಗೀರು ಎಂತ ಬೇಡ. ನೀನು ಕಂಡದ್ದಷ್ಟೇ ಬರಿ" ಎಂದರು. ಆಮೇಲೆ, "ಶಾಸಕರ ಕೈಯಿಂದ ಮೆಡಲ್ ನಿಂಗೇ. ಸ್ವಾಗತ ಭಾಷಣಾನೂ ನೀನೇ ಮಾಡು. ನಿನ್ನ ಹಾಜರಿ ವಿಚಾರ ನಾನು ನೋಡ್ಕೋತೀನಿ, ತಲೆ ಕೆಡಿಸ್ಕೋಬೇಡ" ಎಂದರು.

ಹದಿನೈದರ ಹುಡುಗಿ, ಹೆದರಿಸಿದರು, ಬರೆದಳು ಎಂದು ಈಗ ಯಾರಾದರೂ ಸಮಾಧಾನ ಹೇಳಬಹುದು. ಅದು ಬೇಡ. ನನಗೆ ಹೆದರಿಕೆಯಾಗಿರಲಿಲ್ಲ. ನನಗೆ ವೇದಿಕೆ ಬೇಕಿತ್ತು, ಮೈಕು ಬೇಕಿತ್ತು. ಇನ್ನೂ ಕೆಟ್ಟದ್ದು ಹೇಳಲೇ? ಪವಿತ್ರಾಳ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ನಾನು ಮೊದಲು ಬರುವ ವರ್ಷವೇ ಇವಳು ಫೇಲಾಗಿ ಶಾಲೆಯ ಹೆಸರು ಕೆಡಿಸುತ್ತಾಳಲ್ಲ ಎಂದು. ಚುಕ್ಕಿಯ ವಿಷಯ ಬರೆದೆ, ಮಾರನೆಯ ದಿನದ ಶಾಯಿಯ ವಿಷಯ ಬರೆದೆ, ದಡದ ಪ್ರಶ್ನೆ ಬರೆದೆ, ನಲವತ್ತಮೂರನೆಯ ಹೆಸರನ್ನೂ ಬಿಡಲಿಲ್ಲ. ಒಂದಕ್ಷರ ಸುಳ್ಳಿಲ್ಲ. ಹೆಡ್ ಮೇಷ್ಟ್ರು ಓದಿ ನೋಡಿ "ಮುತ್ತಿನಂಥ ಅಕ್ಷರ" ಎಂದರು.

ಮೂವರ ಹಾಲ್‌ಟಿಕೆಟ್ ಬರಲಿಲ್ಲ. ಅಷ್ಟೇ ಚುಕ್ಕಿಗಳಿದ್ದ ನನ್ನದು ಬಂತು. ಹಾಜರಿ ತಿದ್ದಿದರೆಂದು ಮೇಷ್ಟ್ರಿಗೆ ನೋಟಿಸು ಕೊಟ್ಟು, ಕ್ಲಾಸ್ ಟೀಚರ್ ಕೆಲಸದಿಂದ ತೆಗೆದರು. ಮರುದಿನದಿಂದ ಬೇರೆಯವರು ಬಂದು ಪೆನ್ನಿನಲ್ಲೇ ಹಾಜರಿ ಹಾಕಿದರು. ಪವಿತ್ರಾ ಶಾಲೆಗೆ ಬರುವುದನ್ನು ಬಿಟ್ಟಳು. ಲಾಂಚಿನಲ್ಲಿ ನಾನು ಇಂಜಿನ್ನಿನ ಹತ್ತಿರ ನಿಲ್ಲತೊಡಗಿದೆ, ಅಲ್ಲಿ ಸದ್ದಿಗೆ ಯಾರೂ ಮಾತಾಡಿಸುವುದಿಲ್ಲ.

ವಾರ್ಷಿಕೋತ್ಸವ ಜೋರಾಗಿಯೇ ಆಯಿತು. ನಾನು ಸ್ವಾಗತ ಭಾಷಣ ಮಾಡಿದೆ, ಚಪ್ಪಾಳೆ ಬಿತ್ತು. ಬಹುಮಾನದ ಮೇಜಿನ ಹಿಂದೆ ಮೇಷ್ಟ್ರು ಇದ್ದರು. ಆ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ, ಅದಕ್ಕೇ ಅದೊಂದನ್ನು ಅವರಿಂದ ಕಿತ್ತುಕೊಂಡಿರಲಿಲ್ಲ. ಓಟದ ಬಹುಮಾನಕ್ಕೆ ಪವಿತ್ರಾಳ ಹೆಸರು ಕರೆಯಲಿಲ್ಲ. ಚೀಟಿ ಅಂಟಿಸಿದ ಅವಳ ಸ್ಟೀಲ್ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು. ನನ್ನ ಹೆಸರು ಬಂದಾಗ ಮೆಡಲನ್ನು ಶಾಸಕರ ಕೈಗೆ ದಾಟಿಸಿದ್ದೂ ಅವರೇ. ನಾನು ನೆಲ ನೋಡುತ್ತ ನಿಂತಿದ್ದೆ. ಹಿಂದಿನಿಂದ ಮೆಲ್ಲಗೆ ಅಂದರು:

"ತಲೆ ಬಗ್ಗಿಸ್ಬೇಡ ಮಾರಾಯ್ತಿ, ಫೋಟೋ ಸರಿ ಬರಲ್ಲ."

ಫೋಟೋ ಸರಿಯಾಗಿಯೇ ಬಂತು. ಫಲಿತಾಂಶವೂ ನೂರೇ ಬಂತು. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ನನ್ನ ಮುಖ ಊರಗಲ ನಗುತ್ತಿತ್ತು.

ಎರಡು ವರ್ಷದಲ್ಲಿ ಮೇಷ್ಟ್ರು ನಿವೃತ್ತರಾದರು. ಅಷ್ಟೂ ವರ್ಷ ಊರಿನವರ ಸನ್ಮಾನಕ್ಕೆಲ್ಲ ಶಾಲು ಮಡಿಸಿಟ್ಟ ಮನುಷ್ಯನಿಗೆ ಬೀಳ್ಕೊಡುಗೆ ಸಭೆ ಮಾಡಲಿಲ್ಲ. ಆಫೀಸಿನಲ್ಲಿ ಒಂದು ಟೀ ಕುಡಿಸಿ ಕಳಿಸಿದರಂತೆ. ನಾನು ಓದಿದೆ, ಬಿ.ಎಡ್. ಮಾಡಿದೆ, ಹೊಸನಗರದ ಕಡೆ ಹೈಸ್ಕೂಲು ಟೀಚರ್ ಆದೆ. ನನ್ನ ತರಗತಿಗೂ ಹುಲಿಕಲ್ಲಿನ ಬಸ್ಸಿನಲ್ಲಿ ಬರುವ ಮಕ್ಕಳಿದ್ದಾರೆ, ಬಸ್ಸು ತಡವಾಗುತ್ತದೆ. ನಾನು ಪೆನ್ಸಿಲ್ ಹಿಡಿದಿಲ್ಲ. ಫಲಿತಾಂಶದ ಮೀಟಿಂಗುಗಳಲ್ಲಿ 'ಇವರನ್ನು ಏನು ಮಾಡುವುದು' ಎಂಬ ಪಟ್ಟಿ ಬಂದಾಗ ಅವರ ಹಾಗೆ ಮಾತಾಡಿದ್ದೂ ಇಲ್ಲ. ಕಾಗದ ನೋಡುತ್ತ ಕೂತಿರುತ್ತೇನೆ.

ಅವರಿಗೆ ಹುಷಾರಿಲ್ಲವೆಂದು ಗೊತ್ತಾಗಿ ಹೋದ ವರ್ಷ ತೀರ್ಥಹಳ್ಳಿಗೆ ಹೋದೆ. ಗೋಡೆಗೊರಗಿ ಮಂಚದ ಮೇಲೆ ಕೂತಿದ್ದರು. ಕಿವಿಯ ಹಿಂದೆ ಗೆರೆ ಇರಲಿಲ್ಲ, ಚರ್ಮ ಬೆಳ್ಳಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಅಳು ಬಂತು.

"ಸರ್, ಅವತ್ತು ಬರ್ದು ಕೊಟ್ಟಿದ್ದು ನಾನು."

"ಗೊತ್ತು. ಅಕ್ಷರ ತಿದ್ದಿಸಿದವ್ನು ನಾನೇ ಅಲ್ದಾ" ಎಂದರು. "ಸುಳ್ಳು ಎಂತದೂ ಇರಲಿಲ್ಲ ಅದ್ರಲ್ಲಿ. ಚೆನಾಗಿ ಬರ್ದಿದ್ದೆ."

ಬೈದಿದ್ದರೆ ಬದುಕುತ್ತಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ಕೇಳಿದರು: "ಪವಿತ್ರ ಎಲ್ಲಿದಾಳೆ ಈಗ? ಎಂತ ಮಾಡ್ತಾಳೆ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

"ತಿಳ್ಕಂಡು ಬಾ. ಅವಳ ಹತ್ರ ಮಾತಾಡಿ ಬಾ. ಆಮೇಲೆ ನನ್ನ ಹತ್ರ ಅಳದು."

ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ತಿಂಗಳುಗಟ್ಟಲೆ ದೂಡಿದೆ. ಪರೀಕ್ಷೆ, ಮೌಲ್ಯಮಾಪನ, ತರಬೇತಿ, ನೆಪಕ್ಕೇನು ಬರಗಾಲ. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡರು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಶಾಲೆಯವರೂ ಒಂದು ಹಾಕಿದ್ದರು, 'ಆದರ್ಶ ಶಿಕ್ಷಕ' ಎಂದು.

ಆ ಭಾನುವಾರ ಹೊರಟೆ. ಈಗ ಸೇತುವೆಯಾಗಿದೆ. ನಮ್ಮ ಅರ್ಧ ಗಣಿತ ನುಂಗಿದ ನೀರನ್ನು ಬಸ್ಸು ಎರಡೇ ನಿಮಿಷಕ್ಕೆ ದಾಟಿತು. ಆಚೆಯ ಹಳೇ ಲಾಂಚ್ ದಡದಲ್ಲಿ ಪವಿತ್ರಾಳ ಟೀ ಅಂಗಡಿ ಇದೆಯೆಂದು ಊರಿನವರು ಹೇಳಿದ್ದರು. ಬೆಂಚು ಖಾಲಿ ಇತ್ತು. ಲಾಂಚು ನಿಂತ ಮೇಲೆ ಅಲ್ಲಿಗೆ ಯಾರು ಬರುತ್ತಾರೆ? ನನ್ನನ್ನು ನೋಡಿದವಳೇ, "ಅಯ್ಯ, ಮೇಡಂ ಆಗಿದೀಯಂತಲ್ಲೇ. ಕೂತ್ಕ" ಎಂದು ಬೆಂಚು ಒರೆಸಿದಳು. ಮೇಷ್ಟ್ರು ಹೋದ ಸುದ್ದಿ ಅವಳಿಗೆ ತಲುಪಿರಲಿಲ್ಲ. ಹೇಳಿದೆ. ಸೌಟು ಕೆಳಗಿಟ್ಟಳು.

"ಎರಡು ಸಲ ಬಂದಿದ್ರು ಕಣೆ ನಮ್ಮನಿಗೆ" ಎಂದಳು. "ಮುಂದಿನ ವರ್ಷ ಹೊರಗಿಂದ ಪರೀಕ್ಷೆ ಕಟ್ಟು, ನಾನು ಹೇಳಿಕೊಡ್ತೀನಿ ಅಂದ್ರು. ನಮ್ಮಪ್ಪ ಬಿಡ್ಲಿಲ್ಲ, ಅಷ್ಟೊತ್ತಿಗೆ ಗಂಡು ನೋಡಿಟ್ಟಿದ್ರು. ಇದನ್ನೂ ಅವ್ರೇ ತಂದ್ಕೊಟ್ಟಿದ್ದು."

ಒಲೆಯ ಪಕ್ಕದಿಂದ ಎತ್ತಿದ್ದು ಸಕ್ಕರೆ ತುಂಬಿದ ಸ್ಟೀಲ್ ಡಬ್ಬಿ. ಮುಚ್ಚಳದ ಒಳಗೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಪವಿತ್ರಾ, ಓಟ, ಪ್ರಥಮ. ಪೆನ್ಸಿಲಿನ ಅಕ್ಷರ, ಅಳಿಸಿರಲಿಲ್ಲ.

"ನಾನು ಕೇಳಿದ್ದೆ, ನಮ್ಗೆ ಮೂವರಿಗೇ ಯಾಕೆ ಸರ್ ಹಿಂಗಾತು, ಯಾರಾದ್ರೂ ಏನಾದ್ರೂ ಹೇಳಿದ್ರಾ ಅಂತ. ಯಾರೂ ಇಲ್ಲ ಮಾರಾಯ್ತಿ, ಎಲ್ಲ ಆ ಲಾಂಚಿನ ದೆಸೆಯಿಂದ ಅಂದ್ರು." ಟೀ ಸೋಸಿ ಲೋಟವನ್ನು ನನ್ನ ಮುಂದಿಟ್ಟಳು. "ಲಾಂಚೇ ಕಣೆ ನನ್ನ ಹಾಳು ಮಾಡಿದ್ದು. ಹೌದಲ್ಲೇ?"

ಲೋಟ ಬಿಸಿಯಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಹೌದು" ಎಂದೆ.