ಕಾಳಮ್ಮ ಕೇಳಿದ ಇನ್ನೊಂದು ಬಾಗಿಲು

ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ಕಾಳಮ್ಮ ತಲೆಯ ಮೇಲಿದ್ದ ಮಣ್ಣಿನ ಬುಟ್ಟಿ ಇಳಿಸಿ, “ಅಣ್ಣಾ, ನಡುವೆ ಇನ್ನೊಂದು ಗೋಡೆ ಎಬ್ಬಿಸಿ, ಆ ಕಡೆಗೂ ಒಂದು ಬಾಗಿಲು ಇಡಿ” ಎಂದಳು.

ನಮಗೆ ಅಚ್ಚರಿಯಾಯಿತು. ಅಮ್ಮತ್ತಿ ಊರಿನ ಗೆಳೆಯರು ನಾವೆಲ್ಲ ಸೇರಿ ಕಾಳಮ್ಮನಿಗಾಗಿ ಭಾನುವಾರಗಳಂದು ಕಟ್ಟುತ್ತಿದ್ದ ಮನೆ ಅದು. ದೊರೆಯ ಕಾಫಿ ಎಸ್ಟೇಟಿನಲ್ಲಿ ಮರ ಬಿದ್ದು ಗಂಡ ಸತ್ತ ಮೇಲೆ ಕಾಳಮ್ಮನನ್ನು ಕೂಲಿಯಾಳುಗಳಿಗೆ ಕೊಡುವ ಲೈನ್‌ಮನೆಯಿಂದ ಬಿಡಿಸಿದ್ದರು. ಊರಿನ ರೈತರೊಬ್ಬರು ಜಾಗ ಕೊಟ್ಟಿದ್ದರು. ಕಲ್ಲು ಮಣ್ಣು ಹೊತ್ತವರು ನಾವು.

“ಮಕ್ಕಳನ್ನು ಕಟ್ಟಿಕೊಂಡು ಒಂದೇ ಕೋಣೇಲಿ ಹೇಗಿರ್ತೀಯಮ್ಮಾ?” ಎಂದೆ.

“ಲೈನಲ್ಲೂ ಒಂದೇ ಕೋಣೆ ಇದ್ದದ್ದು ಅಣ್ಣಾ. ಪಕ್ಕದ ಮನೆ ಸೆಲ್ವಿ ಗಂಡ ಚಳಿಜ್ವರದಲ್ಲಿ ಏಳೋಕಾಗದೆ ಬಿದ್ದವ್ನೆ. ಅವರನ್ನೂ ಹೊರಗೆ ಹಾಕಿದ್ರು. ಅವಳಿಗೆ ಇರೋಕೆ ಎಲ್ಲೂ ಜಾಗವಿಲ್ಲ.”

ಗೆಳೆಯ ಬೋಪಯ್ಯ ಹಾರೆ ಹಿಡಿದು ಹಿಂದಿನ ಗೋಡೆಯಲ್ಲಿ ಬಾಗಿಲಿಗೆ ಜಾಗ ಬಿಡಿಸತೊಡಗಿದ. ಮರುವಾರ ಸೆಲ್ವಿಯೂ ಬಂದು ನಮ್ಮೊಡನೆ ಮಣ್ಣು ತುಳಿದಳು. ಮಳೆಗಾಲಕ್ಕೆ ಮೊದಲೇ ಎರಡೂ ಕಡೆ ಒಲೆ ಉರಿಯಿತು.

ಈಗ ನಮ್ಮ ಗುಂಪು ಯಾವ ಮನೆಗೆ ಪಾಯ ತೋಡಿದರೂ ಎರಡು ಬಾಗಿಲಿಗೆ ಗುರುತು ಹಾಕುತ್ತದೆ. ಎರಡನೆಯದು ಯಾರಿಗೆಂದು ಆ ಮನೆಗೆ ಬರುವವರನ್ನೇ ಕೇಳುತ್ತೇವೆ. ಹೆಸರು ಹೇಳಲು ಈವರೆಗೆ ಯಾರೂ ತಡವರಿಸಿಲ್ಲ.